ಐದು ಗಂಟೆಯ ವಿಮಾನ

ತಾಯಿ ಪೈಜಾಮಗಳ ಲಾಡಿ ಎಳೆದು ತೆಗೆಯುತ್ತಿದ್ದಳು. ಅತ್ತೆ ಆ ಜಾಗಕ್ಕೆ ಹುಕ್ಕು ಹೊಲಿಯುತ್ತಿದ್ದಳು.

ಲಾಡಿ ಇರುವ ಬಟ್ಟೆಯನ್ನು ಲಾಕಪ್ಪಿನ ಒಳಗೆ ಬಿಡುವುದಿಲ್ಲ. ದಾರ, ಬೆಲ್ಟು, ಶೂ ಲೇಸು, ಕುತ್ತಿಗೆಗೆ ಸುತ್ತಿಕೊಳ್ಳಬಹುದಾದದ್ದು ಯಾವುದೂ ಹೋಗುವುದಿಲ್ಲ. ತಾಯಿ ಎಳೆದ ಲಾಡಿಗಳನ್ನು ಬಿಸಾಡಲಿಲ್ಲ. ಬೆರಳಿಗೆ ಸುತ್ತಿ ಸುತ್ತಿ ಉಂಡೆ ಮಾಡಿ ಸೂಜಿ ಡಬ್ಬಿಯಲ್ಲಿಟ್ಟಳು. ಮಗಳು ಮನೆಗೆ ಬಂದ ಮೇಲೆ ಮತ್ತೆ ಪೋಣಿಸಬೇಕಲ್ಲ.

ವಿಮಾನ ಕಂಪನಿಯ ಯಜಮಾನ ಕೆಳಗಿನ ಊರಿನ ಆಫೀಸಿನಲ್ಲಿ ಹೆಣವಾಗಿ ಬಿದ್ದು ಇವತ್ತಿಗೆ ಒಂದು ವಾರ. ಅದೇ ಕಂಪನಿಯ ಮೆಕ್ಯಾನಿಕ್ ಹುಡುಗಿ, ಅಂದರೆ ಈ ತಾಯಿಯ ಮಗಳು, ಅತ್ತೆಗೆ ಸೋದರಸೊಸೆ, ಮರುದಿನದಿಂದಲೇ ಲಾಕಪ್ಪಿನಲ್ಲಿದ್ದಳು.

ನಾಳೆ ಬೆಳಿಗ್ಗೆ ಅವಳನ್ನು ಕೋರ್ಟಿಗೆ ಕರೆದೊಯ್ಯುತ್ತಾರೆ. ಅಲ್ಲಿಂದ ದೊಡ್ಡ ಜೈಲಿಗೆ. ಅಲ್ಲಿಗೆ ಹೋದವರು ಕೇಸು ಮುಗಿಯುವವರೆಗೆ ಈ ಕಡೆ ತಲೆ ಹಾಕಿದ್ದಿಲ್ಲ. ಬೇಡವಾದರೆ ಇನ್ನೊಂದು ದಾರಿ ಇದೆ ಎಂದು ಇನ್‌ಸ್ಪೆಕ್ಟರ್ ಹೇಳಿದ್ದ: ಜಗಳದ ಬಿಸಿಯಲ್ಲಿ ಕೈ ಮೀರಿ ಹೊಡೆದೆ ಎಂದು ಹೇಳಿಕೆಗೆ ಸಹಿ ಹಾಕಿದರೆ ಶಿಕ್ಷೆ ಕಮ್ಮಿಯಾಗುತ್ತದೆ.

ಹುಡುಗಿ ಕಂಬಿಯ ಹಿಂದಿನಿಂದ ಅತ್ತೆಗೆ ಒಂದೇ ಮಾತು ಹೇಳಿದ್ದಳು.

"ನಾನು ಕೈಯಿಟ್ಟು ತಿರುಗಿಸಿ ನೋಡದ ನಟ್ಟಿಗೆ ಇವತ್ತಿನವರೆಗೂ ಸಹಿ ಹಾಕಿದವಳಲ್ಲ ಅತ್ತೆ. ಮಾಡದ ಕೊಲೆಗೆ ಹಾಕ್ತೀನಾ?"

ಯಜಮಾನನ ಜೊತೆ ಜಗಳ ಆದದ್ದೂ ಅದಕ್ಕೇ. ರಿಪೇರಿ ನೋಡದೆ ಸಹಿ ಹಾಕು ಎಂದಿದ್ದ, ಇವಳು ಹಾಕುವುದಿಲ್ಲ ಎಂದಿದ್ದಳು. ವಿಮಾನ ರಿಪೇರಿಯ ಶೆಡ್ಡಾದ ಹ್ಯಾಂಗರಿನಲ್ಲಿದ್ದವರೆಲ್ಲ ಕೇಳಿಸಿಕೊಂಡಿದ್ದರು. ಹೆಣದ ಪಕ್ಕ ಬಿದ್ದಿದ್ದ ಸ್ಪ್ಯಾನರ್ ಅವಳದು. ಆದರೆ ಅವಳ ಸ್ಪ್ಯಾನರುಗಳು ಹ್ಯಾಂಗರಿನ ಗೋಡೆಗೆ ತೂಗುಹಾಕಿರುತ್ತವೆ. ದಾರಿಯಲ್ಲಿ ಹೋಗುವವನು ಕೈಚಾಚಿದರೂ ಸಿಗುತ್ತವೆ.

ಅತ್ತೆ ಹುಕ್ಕಿನ ದಾರವನ್ನು ಹಲ್ಲಿನಿಂದ ಕಡಿದು ಎದ್ದಳು.

ಅವಳು ಮೇಲಿನ ಊರು, ಕೆಳಗಿನ ಊರು, ಎರಡಕ್ಕೂ ಅತ್ತೆ. ಪೊಲೀಸ್ ಇಲಾಖೆಯಲ್ಲಿ ಮೇಲಿನವರ ಮಾತಿಗೆ ತಲೆಯಾಡಿಸಲಾಗದೆ ರಾಜೀನಾಮೆ ಎಸೆದು ಬಂದಮೇಲೆ ಸ್ವಂತವಾಗಿ ಪತ್ತೇದಾರಿಕೆ ನಡೆಸುತ್ತಿದ್ದಳು. ಕಳ್ಳರಿಗೂ ಅತ್ತೆ, ಪೊಲೀಸರಿಗೂ ಅತ್ತೆ, ಯಾರ ಮನೆಗೆ ಬಂದರೂ ಅವರಿಗೆ ತಲೆನೋವು ಎಂದು ಠಾಣೆಯಲ್ಲಿ ನಗುತ್ತಿದ್ದರು. ಅವಳ ಎದುರಿಗೆ ನಗುತ್ತಿರಲಿಲ್ಲ.

ಬಟ್ಟೆಯ ಚೀಲ ಕೈಗೆ ಕೊಡುತ್ತಾ ತಾಯಿ ಮೊದಲ ಸಲ ಬಾಯಿ ತೆರೆದಳು. ತನ್ನ ಗಂಡ ಹಾರಿಸುವ ವಿಮಾನವನ್ನು ನಾದಿನಿ ಇಷ್ಟು ವರ್ಷದಲ್ಲಿ ಒಮ್ಮೆಯೂ ಹತ್ತಿರಲಿಲ್ಲ, ಎತ್ತರ ಎಂದರೆ ಅವಳಿಗೆ ಆಗುವುದಿಲ್ಲ, ಇವತ್ತು ಹತ್ತುತ್ತಾಳಾ ಎಂದು ಕೇಳಿದಳು.

"ಕತ್ತು ಹಿಡಿದು ನೂಕಿದ್ರೂ ಹತ್ತುತ್ತಿರಲಿಲ್ಲ ಅತ್ತಿಗೆ. ಇವತ್ತು ನಾನಾಗೇ ಹತ್ತುತ್ತೀನಿ."

ಮೇಲಿನ ಊರಿಗೂ ಕೆಳಗಿನ ಊರಿಗೂ ನಡುವೆ ಬೆಟ್ಟ. ಅತ್ತೆ ನಿನ್ನೆ ಬಸ್ಸಿನಲ್ಲಿ ಮೇಲೆ ಬಂದಿದ್ದಳು. ಅರ್ಧ ದಿನದ ದಾರಿ, ತಿರುವಿನ ಮೇಲೆ ತಿರುವು, ಹೊಟ್ಟೆಯಲ್ಲಿದ್ದದ್ದು ಬಾಯಿಗೆ ಬರುವ ರಸ್ತೆ. ಈ ಊರಿನಲ್ಲಿ ಅವಳಿಗೆ ಬೇಕಿದ್ದದ್ದು ಒಂದೇ, ಪಾಲುದಾರನ ಜಾಡು.

ಯಜಮಾನ ಸತ್ತರೆ ಕಂಪನಿ ಯಾರಿಗೆ ಎಂದರೆ, ಪಾಲುದಾರನಿಗೆ. ಅವನು ಕಂಪನಿಯನ್ನು ಮಾರೋಣ ಎಂದು ವರ್ಷದಿಂದ ಹಟ ಹಿಡಿದಿದ್ದ. ಯಜಮಾನ ಒಪ್ಪಿರಲಿಲ್ಲ. ಇಷ್ಟು ಸಾಕಿತ್ತು ಅವನನ್ನು ಹಿಡಿದು ಕೂರಿಸಲು. ಆದರೆ ಅವನು ಆ ಹೊತ್ತಿನಲ್ಲಿ ಆಕಾಶದಲ್ಲಿದ್ದ.

ಯಜಮಾನ ನಾಲ್ಕೂಕಾಲಿಗೆ ಹೆಂಡತಿಯ ಜೊತೆ ಫೋನಿನಲ್ಲಿ ಮಾತಾಡಿದ್ದ. ನಾಲ್ಕೂವರೆಗೆ ಟೀ ತಂದವಳು ಹೆಣ ನೋಡಿದಳು. ಪಾಲುದಾರ ಮೇಲಿನ ಊರಿನಿಂದ ಬಂದದ್ದು ಐದು ಗಂಟೆಯ ವಿಮಾನದಲ್ಲಿ. ಟಿಕೆಟ್ಟಿನಲ್ಲಿ ಅಚ್ಚಾಗಿತ್ತು: ಹೊರಡುವುದು ಮೂರೂಮುಕ್ಕಾಲು, ತಲುಪುವುದು ಐದಕ್ಕೆ ಐದು ನಿಮಿಷ ಇರುವಾಗ. ಪ್ರಯಾಣಿಕರನ್ನೆಲ್ಲ ಕೇಳಿದರು. ಎಲ್ಲರೂ ಒಂದೇ ಬಾಯಲ್ಲಿ ಹೌದು, ಐದು ಗಂಟೆ ವಿಮಾನದಲ್ಲೇ ಇದ್ದರು ಎಂದರು.

ಇಷ್ಟಾದರೂ ಅತ್ತೆ ಅವನನ್ನು ಬಿಡಲಿಲ್ಲ. ಅವತ್ತಿನದೇ ವಾರ, ಅವತ್ತಿನದೇ ವಿಮಾನ, ಒಂದು ಸಲ ಕೂತು ನೋಡುತ್ತೇನೆ ಎಂದು ಟಿಕೆಟ್ ತೆಗೆಸಿದ್ದಳು. ಅವನು ಪ್ರತಿ ವಾರ ಇದೇ ವಿಮಾನದಲ್ಲಿ ಇಳಿಯುತ್ತಿದ್ದ. ಇವತ್ತೂ ಇರುತ್ತಾನೆ.

ವಿಮಾನ ನಿಲ್ದಾಣದ ಗೇಟಿನಲ್ಲಿ ಇನ್‌ಸ್ಪೆಕ್ಟರನ ಫೋನು ಬಂತು. ಮೇಲಿನವರು ಗರಂ ಆಗಿದ್ದಾರಂತೆ. ಪಾಲುದಾರರ ಬೆನ್ನು ಹತ್ತಬೇಡಿ, ಗಾಳಿಯಲ್ಲಿದ್ದವರು ನೆಲದ ಮೇಲೆ ಕೊಲೆ ಹೇಗೆ ಮಾಡುತ್ತಾರೆ, ಸೊಸೆಗೆ ಬುದ್ಧಿ ಹೇಳಿ ಸಹಿ ಹಾಕಿಸಿ, ಅದೇ ಅವಳಿಗೆ ಒಳ್ಳೆಯದು ಎಂದ. ಅವನ ದನಿಯಲ್ಲಿ ಕೆಟ್ಟತನ ಇರಲಿಲ್ಲ. ಅದೇ ಅತ್ತೆಗೆ ಹೆಚ್ಚು ಸಿಟ್ಟು ಬರಿಸಿತು.

"ಬುದ್ಧಿ ಅವಳಿಗೆ ಇದೆ. ಅದಕ್ಕೇ ಸಹಿ ಹಾಕ್ತಿಲ್ಲ" ಎಂದು ಫೋನು ಇಟ್ಟಳು.

ನಿಲ್ದಾಣ ಎಂದರೆ ಒಂದು ಹಾಲು, ಎರಡು ಸಾಲು ಪ್ಲಾಸ್ಟಿಕ್ ಕುರ್ಚಿ, ಒಂದು ಕೌಂಟರು. ವಿಮಾನ ಚಿಕ್ಕದು, ಹತ್ತೊಂಬತ್ತು ಸೀಟಿನದು. ಹಾಗಾಗಿ ಚೀಲಗಳ ಜೊತೆ ಮನುಷ್ಯರನ್ನೂ ತೂಕ ಮಾಡಿ, ಭಾರದವರು ಯಾವ ಕಡೆ, ಹಗುರದವರು ಯಾವ ಕಡೆ ಎಂದು ಹಂಚುತ್ತಿದ್ದರು. ಕೌಂಟರಿನ ಹುಡುಗಿ ತೂಕ ಹೇಳುವಾಗ ದನಿ ತಗ್ಗಿಸುತ್ತಿದ್ದಳು. ಒಬ್ಬ ದಪ್ಪ ಟೈಲರ್ ತಕ್ಕಡಿಯ ಮೇಲೆ ನಿಂತು ಉಸಿರು ಬಿಗಿಹಿಡಿದ. ಉಸಿರು ಹಿಡಿದರೆ ತೂಕ ಇಳಿಯಲ್ಲ ಮಾವ ಎಂದಳು ಹುಡುಗಿ. ಹಾಲಿನಲ್ಲಿದ್ದವರೆಲ್ಲ ನಕ್ಕರು.

ಪಾಲುದಾರ ಕಿಟಕಿಯ ಹತ್ತಿರ ಕೂತಿದ್ದ. ಇಸ್ತ್ರಿ ಮುರಿಯದ ಬಿಳಿ ಅಂಗಿ. ಅತ್ತೆಯನ್ನು ಕಂಡು ಪತ್ರಿಕೆ ಮಡಚಿದ, ನಗಲಿಲ್ಲ.

ಅತ್ತೆ ಆಗಷ್ಟೇ ಕುರ್ಚಿ ಹಿಡಿದಿದ್ದಳು. ಕೌಂಟರಿನ ಹುಡುಗಿ ಹೊರಗೆ ಬಂದು ತೋರುಬೆರಳಿನಿಂದ ತಲೆ ಎಣಿಸಿದಳು. ಎಣಿಸಿ, ನಡೀರಿ ಎಂದಳು.

ಎಲ್ಲರೂ ಎದ್ದರು. ಅತ್ತೆ ಮಾತ್ರ ಏಳಲಿಲ್ಲ. ಗೋಡೆಯ ಗಡಿಯಾರದಲ್ಲಿ ಮೂರೂಕಾಲು.

"ಟಿಕೆಟ್ಟಿನಲ್ಲಿ ಮೂರೂಮುಕ್ಕಾಲು ಅಂತಿದೆಯಲ್ಲಮ್ಮ."

"ಬರಬೇಕಾದವರು ಬಂದಾಯ್ತಲ್ಲ. ಇನ್ನು ಯಾರಿಗೆ ಕಾಯೋದು?"

"ಯಾವಾಗಲೂ ಹೀಗೇನಾ?"

ಸೀಟು ತುಂಬಿದ ದಿನವೆಲ್ಲ ಹೀಗೇ ಎಂದಳು ಹುಡುಗಿ. ಕಳೆದ ವಾರವೂ ತುಂಬಿತ್ತು, ಇದೇ ಹೊತ್ತಿಗೆ ಹೊರಟಿತ್ತು. ಅತ್ತೆ ಅವಳ ಮೊಣಕೈ ಹಿಡಿದುಕೊಂಡಳು. ಇದನ್ನು ಪೊಲೀಸರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದಳು.

ಹುಡುಗಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಯಾವ ವಿಮಾನದಲ್ಲಿ ಹೋದರು ಎಂದು ಕೇಳಿದರು, ಐದು ಗಂಟೆ ವಿಮಾನ ಎಂದೆ, ಎಷ್ಟು ಹೊತ್ತಿಗೆ ಹೊರಟಿತು ಎಂದು ಅವರು ಕೇಳಲೇ ಇಲ್ಲವಲ್ಲ ಎಂದಳು.

ವಿಮಾನದೊಳಗೆ ನಡುವೆ ಒಂದು ಸಣ್ಣ ದಾರಿ, ಆ ಕಡೆ ಒಂದು ಸೀಟು, ಈ ಕಡೆ ಒಂದು ಸೀಟು. ಹತ್ತುವ ಬಾಗಿಲು ಹಿಂದೆ. ಮುಂದೆ ಪೈಲಟ್ ಕೂರುವ ಜಾಗಕ್ಕೆ ಬಾಗಿಲೇ ಇಲ್ಲ, ಒಂದು ನೀಲಿ ಪರದೆ. ಪರದೆ ಅರ್ಧ ಸರಿದಿತ್ತು. ಅಣ್ಣನ ನರೆತ ಹಿಂದಲೆ, ಭುಜದ ಮೇಲಿನ ನಾಲ್ಕು ಪಟ್ಟಿಗಳು ಅತ್ತೆಗೆ ಕಂಡವು. ಪಕ್ಕದಲ್ಲಿ ಸಹಪೈಲಟ್ ಏನೋ ಓದಿ ಹೇಳುತ್ತಿದ್ದ, ಅಣ್ಣ ಗುಂಡಿ ಒತ್ತುತ್ತಿದ್ದ. ತಂಗಿ ಹತ್ತಿದ್ದು ಅವನಿಗೆ ಗೊತ್ತಾಗಲಿಲ್ಲ, ಅಥವಾ ಕೆಲಸದ ಮಧ್ಯೆ ತಿರುಗಲಿಲ್ಲ.

ಅತ್ತೆಗೆ ಮೊದಲ ಸಾಲು ಸಿಕ್ಕಿತು. ದಾರಿಯ ಆಚೆ ಪಾಲುದಾರ.

"ಅಂತೂ ಅತ್ತೆಯವರು ನೆಲ ಬಿಟ್ಟರು" ಎಂದ. ವಿಮಾನ ಓಡತೊಡಗಿತು. ಅತ್ತೆಯ ಕೈ ಸೀಟಿನ ಅಂಚನ್ನು ಕಚ್ಚಿ ಹಿಡಿಯಿತು. ಹೆದರಿಕೆಯಾದರೆ ಕಣ್ಣು ಮುಚ್ಚಿಕೊಳ್ಳಿ ಎಂದು ಅವನು ಬುದ್ಧಿ ಹೇಳಿದ.

"ಕಣ್ಣು ಮುಚ್ಚೋದು ನನ್ನ ಕಸುಬಲ್ಲ."

ವಿಮಾನ ನೆಲ ಬಿಟ್ಟಿತು. ಅವಳು ಕಿಟಕಿಯಿಂದ ಕಣ್ಣು ಕೀಳಲಿಲ್ಲ. ನಿನ್ನೆ ಅರ್ಧ ದಿನ ತಿಂದ ರಸ್ತೆ ಕೆಳಗೆ ಕಾಣುತ್ತಿತ್ತು. ಬೆಟ್ಟವನ್ನು ಸುತ್ತಿ, ಬಂದ ಕಡೆಗೇ ತಿರುಗಿ, ಹೊಳೆಗೆ ಇಳಿದು, ಮತ್ತೆ ಏರಿ ಒದ್ದಾಡುತ್ತಿತ್ತು. ವಿಮಾನಕ್ಕೆ ಅದು ಯಾವುದೂ ಇರಲಿಲ್ಲ. ಹದ್ದಿನ ಹಾಗೆ ನೇರ. ಪಾಲುದಾರ ತಾನಾಗಿ ಹೇಳಿದ, ರಸ್ತೆ ಲೆಕ್ಕದಲ್ಲಿ ಮುನ್ನೂರು ಕಿಲೋಮೀಟರ್, ಗಾಳಿಯ ಲೆಕ್ಕದಲ್ಲಿ ನೂರ ಇಪ್ಪತ್ತು ಅಷ್ಟೇ ಎಂದು. ಹೇಳುವಾಗ ಮಾಲೀಕನ ಹೆಮ್ಮೆಯಿತ್ತು. ನೂರ ಇಪ್ಪತ್ತಕ್ಕೆ ಒಂದು ಗಂಟೆಯ ಮೇಲೆ ಬೇಕೇ ಎಂದು ಅತ್ತೆ ಕೇಳಿದಾಗ ಪತ್ರಿಕೆ ಬಿಡಿಸಿ ಮುಖಕ್ಕೆ ಅಡ್ಡ ಹಿಡಿದ.

ಸ್ವಲ್ಪ ಹೊತ್ತಿಗೆಲ್ಲ ಬೆಟ್ಟ ಮುಗಿದು ಬಯಲು ಬಂತು. ಕೆಳಗಿನ ಊರಿನ ನೀರಿನ ಟ್ಯಾಂಕು, ಮಿಲ್ಲಿನ ಚಿಮಣಿ, ರೈಲು ಹಳಿ. ಹೆದರಿ ಸಾಯುವಷ್ಟು ಹೊತ್ತೂ ಸಿಗಲಿಲ್ಲವಲ್ಲ ಎಂದು ಅತ್ತೆಗೆ ಅನ್ನಿಸಿತು. ಚಕ್ರ ನೆಲ ಮುಟ್ಟಿ ಒಮ್ಮೆ ಪುಟಿಯಿತು.

ವಿಮಾನ ನಿಂತಾಗ ಕಿಟಕಿಯ ಆಚೆ ನಿಲ್ದಾಣದ ದೊಡ್ಡ ಗಡಿಯಾರ ಕಂಡಿತು. ನಾಲ್ಕು ಆಗಲು ಇನ್ನೂ ಸ್ವಲ್ಪ ಇತ್ತು.

ಹಿಂದಿನ ಸೀಟಿನ ಟೈಲರ್ ಆಗಲೇ ಮನೆಗೆ ಫೋನು ಹಚ್ಚಿದ್ದ.

"ಹ್ಞೂ, ಇಳಿದೆ. ಐದು ಗಂಟೆ ವಿಮಾನದಲ್ಲೇ ಬಂದೆ. ಚಹಾ ಇಡು."

ಅತ್ತೆ ತಿರುಗಿ ಅವನನ್ನೇ ನೋಡಿದಳು. ಅವನು ಸುಳ್ಳು ಹೇಳುತ್ತಿರಲಿಲ್ಲ. ಗಡಿಯಾರ ಎದುರಿಗೇ ಇತ್ತು, ಚಹಾ ಕುದಿಯುವ ಮೊದಲೇ ಮನೆ ಸೇರುತ್ತೇನೆ ಎಂದೂ ಗೊತ್ತಿತ್ತು. ಅವನಿಗೆ ಐದು ಗಂಟೆ ಎನ್ನುವುದು ಹೊತ್ತಲ್ಲ, ವಿಮಾನದ ಹೆಸರು. ಕಳೆದ ವಾರ ಪೊಲೀಸರಿಗೆ ಹೇಳಿಕೆ ಕೊಟ್ಟ ಹದಿನೆಂಟು ಜನಕ್ಕೂ ಹಾಗೇ. ಹದಿನೆಂಟು ಪ್ರಾಮಾಣಿಕರು ಸೇರಿ ಒಬ್ಬ ಹುಡುಗಿಯನ್ನು ಒಳಗೆ ಹಾಕಿಸಿದ್ದರು.

ಸಹಪೈಲಟ್ ಮುಂದಿನಿಂದ ಬಂದು ಹಿಂಬಾಗಿಲು ತೆರೆದು, ಚೀಲ ಇಳಿಸಲು ಕೆಳಗೆ ಹೋದ. ಜನ ಒಬ್ಬೊಬ್ಬರಾಗಿ ಇಳಿದರು. ಪಾಲುದಾರ ಎದ್ದ. ಅತ್ತೆ ಅವನಿಗಿಂತ ಮೊದಲೇ ಎದ್ದು ನಡುದಾರಿಗೆ ಅಡ್ಡ ನಿಂತಿದ್ದಳು.

"ಕೂತ್ಕೊಳ್ಳಿ."

"ದಾರಿ ಬಿಡಿ. ಕೆಲಸ ಇದೆ."

"ಕಳೆದ ವಾರವೂ ಇತ್ತಲ್ಲ. ಯಜಮಾನರು ನಾಲ್ಕೂಕಾಲಿಗೆ ಹೆಂಡತಿ ಜೊತೆ ಮಾತಾಡೋ ಮೊದಲೇ ಇಲ್ಲಿ ಇಳಿದಿದ್ದಿರಿ. ಅಗೋ, ಅವರ ಆಫೀಸು ಕಿಟಕಿಯಲ್ಲೇ ಕಾಣುತ್ತೆ. ಇಲ್ಲಿಂದ ಕೂಗಿದರೆ ಕೇಳುತ್ತೆ."

ಹ್ಯಾಂಗರಿನ ಪಕ್ಕದ ಆ ಬಾಗಿಲಿಗೆ ಪೊಲೀಸರ ಸೀಲು ಇನ್ನೂ ಅಂಟಿತ್ತು. ಪಾಲುದಾರ ಅದನ್ನು ನೋಡಲಿಲ್ಲ. ಕೂತ. ಕಾಲ ಮೇಲೆ ಕಾಲು ಹಾಕಿದ.

ಅವನಿಗೆ ಬೆವರು ಬರಲಿಲ್ಲ, ದನಿ ಏರಲಿಲ್ಲ. ಟಿಕೆಟ್ಟಿನ ಮೇಲೆ ಆ ಹೊತ್ತು ಹಾಕಿಸಿದವನು ತಾನೇ ಎಂದ. ಮೇಲೆ ಹೋಗುವಾಗ ಎದುರು ಗಾಳಿ, ಮೋಡ ಮುಚ್ಚಿದರೆ ಬೆಟ್ಟದ ಮೇಲೆ ಸುತ್ತು ಹಾಕಬೇಕು, ಆಗ ಒಂದು ಗಂಟೆ ಮೀರುತ್ತದೆ. ಇಳಿಯುವಾಗ ಗಾಳಿಯೇ ತಳ್ಳಿಕೊಂಡು ಬರುತ್ತದೆ, ಅರ್ಧ ಗಂಟೆ ಚಿಲ್ಲರೆ ಸಾಕು. ಎರಡಕ್ಕೂ ಅದೇ ಒಂದು ಗಂಟೆ ಚಿಲ್ಲರೆ ಎಂದು ಅಚ್ಚು ಹಾಕಿಸಿದರೆ ತಡವಾಯಿತು ಎಂದು ಯಾರೂ ಬೈಯುವುದಿಲ್ಲ. ಬೇಗ ಬಂದದ್ದಕ್ಕೆ ಬೈದವರನ್ನು ಅವನು ಇನ್ನೂ ಕಂಡಿಲ್ಲ.

"ನಾನು ಸುಳ್ಳು ಹೇಳಿಲ್ಲ ಅತ್ತೆ. ಯಾವ ವಿಮಾನ ಅಂದ್ರು, ಹೇಳಿದೆ. ಎಂಟು ಗಂಟೆ ಬಸ್ಸು ಒಂಬತ್ತಕ್ಕೆ ಬಂದರೆ ಅದನ್ನ ಒಂಬತ್ತು ಗಂಟೆ ಬಸ್ಸು ಅಂತಾರಾ?"

"ಈ ಬಸ್ಸಿನ ಕಥೆ ನಾಳೆ ಕೋರ್ಟಿನಲ್ಲಿ ಹೇಳಿ. ಜಡ್ಜಿಗೂ ನಗು ಬರಲಿ."

ಆಗ ಅವನು ಬೇರೆ ದಾರಿ ಹಿಡಿದ. ತನ್ನ ಮೇಲೆ ಕೇಸು ಬಿದ್ದರೆ ಕಂಪನಿ ಮುಚ್ಚುತ್ತದೆ, ಈ ವಿಮಾನ ನಿಲ್ಲುತ್ತದೆ, ಮೇಲಿನ ಊರಿನ ಬಸುರಿಯರು, ರೋಗಿಗಳು ಆ ರಸ್ತೆಯಲ್ಲಿ ಅರ್ಧ ದಿನ ಕುಲುಕಿಕೊಂಡು ಆಸ್ಪತ್ರೆಗೆ ಬರಬೇಕಾಗುತ್ತದೆ, ಊರಿಗೆ ಊರೇ ನಿಮಗೆ ಶಾಪ ಹಾಕುತ್ತದೆ ಎಂದ. ಅದು ಪೂರ್ತಿ ಸುಳ್ಳಲ್ಲ ಎಂದು ಅತ್ತೆಗೂ ಗೊತ್ತಿತ್ತು.

"ಹಾಕಲಿ. ಪೊಲೀಸ್ ಕೆಲಸ ಬಿಟ್ಟ ಮೇಲೆ ಶಾಪವೇ ನನಗೆ ಪಿಂಚಣಿ."

ಚೀಲದಿಂದ ಫೋನು ತೆಗೆದಳು. ಇನ್‌ಸ್ಪೆಕ್ಟರನ ನಂಬರು ಹುಡುಕತೊಡಗಿದಳು. ಪಾಲುದಾರ ಅವಳ ಬೆರಳನ್ನೇ ನೋಡುತ್ತಿದ್ದ. ಆಮೇಲೆ ಮುಂದಿದ್ದ ನೀಲಿ ಪರದೆಯ ಕಡೆ ನೋಡಿದ. ಪರದೆಯ ಆ ಕಡೆ ಸ್ವಿಚ್ಚುಗಳನ್ನು ಒಂದೊಂದಾಗಿ ಆರಿಸುವ ಟಕ್ ಟಕ್ ಸದ್ದು ಬರುತ್ತಿತ್ತು. ಅವನು ದನಿಯನ್ನು ಸ್ವಲ್ಪ ಎತ್ತರಿಸಿ ಮಾತಾಡಿದ, ಆ ಕಡೆಗೂ ಕೇಳಲಿ ಎನ್ನುವ ಹಾಗೆ.

"ಮಾಡಿ, ಫೋನು ಮಾಡಿ. ಆದರೆ ಒಂದನ್ನ ನೀವು ಯೋಚಿಸಿಲ್ಲ. ವಿಮಾನ ಎಷ್ಟು ಹೊತ್ತಿಗೆ ಇಳೀತು ಅಂತ ನನಗೆ ಗೊತ್ತಿತ್ತು, ಸರಿ. ಇಳಿಸಿದವರಿಗೆ ಗೊತ್ತಿರಲಿಲ್ವಾ?"

ಅತ್ತೆಯ ಬೆರಳು ನಿಂತಿತು.

"ನಾನು ಬಾಯಿ ಮುಚ್ಚಿಕೊಂಡರೆ ಉಳಿಯೋನು ನಾನು. ನಿಮ್ಮ ಅಣ್ಣ ಬಾಯಿ ಮುಚ್ಚಿಕೊಂಡರೆ ಜೈಲಿಗೆ ಹೋಗೋಳು ಅವರ ಮಗಳು. ಆದರೂ ಮುಚ್ಚಿಕೊಂಡರು. ಯಾಕೆ ಅಂತ ನೀವು ಪತ್ತೇದಾರರು, ನೀವೇ ಹೇಳಿ."

ಅತ್ತೆಗೆ ನೆನಪಾದದ್ದು ಮೂರು ದಿನದ ಹಿಂದಿನ ಮಾತು. ಕೆಳಗಿನ ಊರಿನ ತನ್ನ ಮನೆಯಲ್ಲಿ ಅಣ್ಣನ ಎದುರು ಕೂತು, ಪಾಲುದಾರ ಆ ಹೊತ್ತಿಗೆ ಗಾಳಿಯಲ್ಲಿದ್ದನಂತೆ, ನನಗೆ ದಾರಿಯೇ ಕಾಣುತ್ತಿಲ್ಲ ಎಂದು ಅವಳೇ ತೋಡಿಕೊಂಡಿದ್ದಳು. ಅಣ್ಣ ಕೇಳಿಸಿಕೊಂಡಿದ್ದ. ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಅವಳ ತಲೆ ಸವರಿ ಮಲಗಿಕೋ ಹೋಗು ಎಂದಿದ್ದ. ಮಗಳಿಗಾದದ್ದರ ದುಃಖ ಎಂದುಕೊಂಡಿದ್ದಳು. ಎರಡು ಊರಿನವರ ಹೇಳಿಕೆಗಳನ್ನು ಅಕ್ಷರ ಅಕ್ಷರ ಜಾಲಾಡಿದವಳು ಅಣ್ಣನನ್ನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಪಾಲುದಾರ ಎದ್ದು ಅಂಗಿಯ ತೋಳು ಸರಿಮಾಡಿಕೊಂಡ.

"ನಾನು ಅವತ್ತು ಇಳಿದವನೇ ಕಾರು ಹತ್ತಿದೆ. ಗೇಟು ದಾಟುವಾಗ ಕನ್ನಡಿಯಲ್ಲಿ ನೋಡಿದೆ. ಯಜಮಾನರ ಆಫೀಸಿನ ಕಡೆ ಒಬ್ಬರು ನಡೆದು ಹೋಗ್ತಿದ್ದರು. ಬಿಳಿ ಯೂನಿಫಾರ್ಮು, ಭುಜದ ಮೇಲೆ ನಾಲ್ಕು ಪಟ್ಟಿ. ಇದನ್ನೂ ಇನ್‌ಸ್ಪೆಕ್ಟರ್ ಕೇಳಲಿಲ್ಲ. ಕೇಳಿದರೆ ಹೇಳ್ತೀನಿ."

ಇದು ನಿಜವೋ, ಮುಳುಗುವವನು ಪಕ್ಕದವನ ಕಾಲು ಹಿಡಿಯುವ ಆಟವೋ ಅತ್ತೆಗೆ ಗೊತ್ತಾಗಲಿಲ್ಲ. ಅವನ ಮುಖದಲ್ಲಿ ಏನೂ ಬರೆದಿರಲಿಲ್ಲ. ಅವನು ಮತ್ತೆ ಹೇಳಿದ, ಮೆತ್ತಗೆ, ವ್ಯಾಪಾರಕ್ಕೆ ಕೂತವನ ಹಾಗೆ. ಫೋನನ್ನು ಚೀಲದೊಳಗೆ ಹಾಕಿ, ನಾನೂ ಕನ್ನಡಿಯಲ್ಲಿ ಏನೂ ನೋಡಿಲ್ಲ ಎಂದುಕೊಳ್ಳುತ್ತೇನೆ. ಸೊಸೆಗೆ ಒಳ್ಳೆಯ ವಕೀಲರನ್ನು ನಾನೇ ಇಟ್ಟುಕೊಡುತ್ತೇನೆ. ಅಣ್ಣ ನಿಮಗೆ ಒಬ್ಬನೇ ಅಲ್ಲವೇ.

ಅತ್ತೆ ಅವನ ಕಣ್ಣಲ್ಲಿ ಕಣ್ಣಿಟ್ಟು ಗುಂಡಿ ಒತ್ತಿದಳು.

"ಇನ್‌ಸ್ಪೆಕ್ಟರ್ ಸಾಹೇಬ್ರೆ, ನಿಲ್ದಾಣಕ್ಕೆ ಬನ್ನಿ. ನಿಮ್ಮ ಐದು ಗಂಟೆ ವಿಮಾನ ನಾಲ್ಕಕ್ಕೇ ಬಂದು ನಿಂತಿದೆ. ಕಳೆದ ವಾರವೂ ಹಾಗೇ ನಿಂತಿತ್ತು. ವಿಮಾನ ಇಳಿದ ಹೊತ್ತು ಬರೆದಿಡೋ ಟವರಿನವರನ್ನ ಕೇಳಿ, ಟಿಕೆಟ್ಟನ್ನ ಕೇಳಬೇಡಿ. ಪಾಲುದಾರರು ಇಲ್ಲೇ ಇದ್ದಾರೆ." ಅವಳು ನೀಲಿ ಪರದೆಯ ಕಡೆ ನೋಡಿದಳು. ಮುಂದುವರಿಸಿದಳು. "ವಿಮಾನ ಇಳಿಸಿದವರೂ ಇದ್ದಾರೆ. ಅವರ ಹೇಳಿಕೆಯನ್ನೂ ಹೊಸದಾಗಿ ತಗೋಬೇಕು."

ಪಾಲುದಾರನ ಕೆನ್ನೆ ಮೊದಲ ಸಲ ಅದುರಿತು.

"ನಿಮಗೆ ರಕ್ತಸಂಬಂಧ ಅನ್ನೋದೇ ಇಲ್ವಾ?"

"ಇದೆ. ಒಳಗೆ ಕೂತಿರೋಳೂ ಅದೇ ರಕ್ತ."

ಅವಳು ದಾರಿ ಬಿಟ್ಟಳು. ಗೇಟಿನಲ್ಲಿ ಕಾವಲಿನವರಿದ್ದಾರೆ, ಓಡಿದರೆ ಓಡುವುದೂ ಒಂದು ಹೇಳಿಕೆಯೇ ಆಗುತ್ತದೆ ಎಂದಳು. ಪಾಲುದಾರ ಓಡಲಿಲ್ಲ. ಹಿಂಬಾಗಿಲ ಮೆಟ್ಟಿಲಿಳಿದು ರೆಕ್ಕೆಯ ನೆರಳಿನಲ್ಲಿ ನಿಂತು, ಯಾರಿಗೋ ಫೋನು ಮಾಡತೊಡಗಿದ.

ವಿಮಾನದಲ್ಲಿ ಅತ್ತೆ ಮತ್ತು ಅಣ್ಣ ಇಬ್ಬರೇ ಉಳಿದರು.

ಸ್ವಿಚ್ಚುಗಳ ಟಕ್ ಟಕ್ ಯಾವಾಗ ನಿಂತಿತ್ತೋ ಅವಳು ಗಮನಿಸಿರಲಿಲ್ಲ. ಪರದೆಯನ್ನು ಪೂರ್ತಿ ಸರಿಸಿದಳು. ಅಣ್ಣ ತನ್ನ ಸೀಟಿನಲ್ಲೇ ಇದ್ದ. ಬೆಲ್ಟು ಬಿಚ್ಚಿರಲಿಲ್ಲ. ಕೈಗಳೆರಡೂ ತೊಡೆಯ ಮೇಲೆ. ಎದುರಿನ ಗಾಜಿನಲ್ಲಿ ಹ್ಯಾಂಗರು ಕಾಣುತ್ತಿತ್ತು, ಅದರ ಪಕ್ಕದ ಸೀಲು ಹಾಕಿದ ಬಾಗಿಲೂ ಕಾಣುತ್ತಿತ್ತು. ಅವನು ಅದನ್ನೇ ನೋಡುತ್ತಿದ್ದ. ಹಿಂದೆ ಆಡಿದ ಮಾತೆಲ್ಲ ಅವನ ಕಿವಿಗೆ ಬಿದ್ದಿತ್ತು. ಬೀಳದೆ ಇರಲು ಸಾಧ್ಯವಿರಲಿಲ್ಲ.

ಅವಳು ಸಹಪೈಲಟ್ಟಿನ ಸೀಟಿನ ಬೆನ್ನು ಹಿಡಿದು ನಿಂತಳು.

"ಅಣ್ಣ, ಅವರು ಬರೋ ಮೊದಲು ನನಗೆ ಹೇಳು. ಅವತ್ತು ಇಳಿದ ಮೇಲೆ ಎಲ್ಲಿಗೆ ಹೋಗಿದ್ದೆ?"

ಹೊರಗೆ ಸಹಪೈಲಟ್ ಕೊನೆಯ ಚೀಲವನ್ನು ಗಾಡಿಗೆ ಎಸೆದ. ದೂರದಲ್ಲಿ ಒಂದು ಜೀಪು ಗೇಟಿಗೆ ತಿರುಗಿತು.

"ಅಣ್ಣ. ನನ್ನ ಕಡೆ ತಿರುಗು."